ದೀಪ ಹಚ್ಚುವ ಹೊತ್ತಿನ ಇಂಟರ್ವ್ಯೂ

ಸುದ್ದಗುಂಟೆಪಾಳ್ಯದಲ್ಲಿ ಮಹಡಿ ಮೇಲಿನ ಕೋಣೆ ಬಾಡಿಗೆಗೆ ಕೇಳಲು ಹೋದಾಗ ಮನೆಯೊಡತಿ ಮೊದಲು ಕೇಳಿದ್ದು, "ಏನ್ ಓದ್ತಿದೀಯಮ್ಮ?" ನಾನು ಗದಗಿನಿಂದ ಆಗಷ್ಟೇ ಬಂದವಳು. ಸುತ್ತಿಬಳಸಿ ಮಾತಾಡಲು ಬರುತ್ತಿರಲಿಲ್ಲ.

"ಆಕ್ಚುಯರಿ ಪರೀಕ್ಷಾ ಕಟ್ಟೇನ್ರಿ. ಯಾವ ವಯಸ್ಸಿನ್ಯಾಗ ಎಷ್ಟ ಮಂದಿ ಸಾಯ್ತಾರ ಅಂತ ಲೆಕ್ಕಾ ಹಾಕೂದ್ರಿ. ಇನ್ಶೂರೆನ್ಸ್ ಕಂಪನಿಯವ್ರಿಗೆ ಬೇಕಾಗ್ತದ."

ಕೊಡಲು ಚಾಚಿದ್ದ ಬೀಗದಕೈಯನ್ನು ಆಕೆ ಹಿಂದಕ್ಕೆ ತೆಗೆದುಕೊಂಡರು. ಕೊನೆಗೆ ಒಂದು ಷರತ್ತು ಹಾಕಿ ಕೊಟ್ಟರು. "ದೀಪ ಹಚ್ಚೋ ಹೊತ್ನಲ್ಲಿ ಈ ಮನೇಲಿ ಆ ಮಾತು ಬರಬಾರ್ದು. ಇಂಗ್ಲಿಷಲ್ಲೂ ಬರಬಾರ್ದು. ಡೆತ್ತು ಅಂದ್ರೆ ಏನು ಅಂತ ನಂಗೂ ಗೊತ್ತು ಕಣಮ್ಮ."

ಆ ಮನೆಯವರು ಒಂದು ಕಾಲಕ್ಕೆ ಅಲ್ಲೇ ರಾಗಿ ಬೆಳೆದವರು. ಹೊಲವಿದ್ದ ಕಡೆ ಈಗ ಮೂರಂತಸ್ತಿನ ಕಟ್ಟಡ ನಿಂತಿತ್ತು. ಗಂಡ ತೀರಿಕೊಂಡ ಮೇಲೆ ಆಕೆ ಕೆಳಗೆ ಒಬ್ಬರೇ ಇದ್ದರು. ಸಂಜೆ ನಾನು ಪುಸ್ತಕ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರೆ ಅದನ್ನು ಮುಚ್ಚಿಸಿ, ಕೈಗೆ ಕಾಫಿ ಕೊಡುತ್ತಿದ್ದರು.

ಆಗ ಬೆಂಗಳೂರಿನಲ್ಲಿ ಹೊಸಬರಿಗೆ ಆಕ್ಚುಯರಿ ಕೆಲಸ ಸಿಗುವುದೇ ಅಪರೂಪ. ಬಿಟಿಎಂ ಲೇಔಟಿನ ಸೈಬರ್ ಕೆಫೆಯಲ್ಲಿ ಕೂತು ಲಂಡನ್ನಿನ ಕಂಪನಿಗಳಿಗೆ ಅರ್ಜಿ ಹಾಕುತ್ತಿದ್ದೆ. ಎಲ್ಲ ಅರ್ಜಿಯ ಕೊನೆಯಲ್ಲೂ ಒಂದೇ ಪ್ರಶ್ನೆ: ಇಲ್ಲಿ ಕೆಲಸ ಮಾಡಲು ನಿಮಗೆ ನಾವು ವೀಸಾ ಕೊಡಿಸಬೇಕೆ? 'ಹೌದು' ಎಂದು ಗುರುತು ಹಾಕಿದರೆ ಸಾಕು, ಎರಡೇ ದಿನದಲ್ಲಿ ವಿಷಾದದ ಪತ್ರ. ನಮ್ಮ ಕಡೆ ಹೆಣ್ಣು ನೋಡಲು ಬಂದವರೂ ಒಲ್ಲೆ ಎನ್ನಲು ಒಂದು ವಾರ ತೆಗೆದುಕೊಳ್ಳುತ್ತಾರೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಕೆಫೆಯ ಕೀಬೋರ್ಡಿನ ಮೇಲೆ ಅದನ್ನು ತೀರಿಸಿಕೊಂಡು ಮಾಲೀಕನಿಂದ ಬೈಸಿಕೊಂಡೆ. ಅಪ್ಪ ಯುಗಾದಿಯವರೆಗೆ ಗಡುವು ಕೊಟ್ಟಿದ್ದರು. ಅಷ್ಟರಲ್ಲಿ ಕೆಲಸ ಸಿಗದಿದ್ದರೆ ಊರಿಗೆ ಮರಳಿ ಕಾಲೇಜಿನಲ್ಲಿ ಗಣಿತ ಪಾಠ ಮಾಡಬೇಕಿತ್ತು.

ಅವರೆಕಾಯಿಯ ಕಾಲದಲ್ಲಿ ಒಂದು ಕಂಪನಿ ಮಾತ್ರ ಫೋನಿನಲ್ಲಿ ಇಂಟರ್ವ್ಯೂ ಮಾಡುತ್ತೇವೆ ಎಂದಿತು. ನನ್ನ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದದ್ದು ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಾತ್ರ. ಹಾಗಾಗಿ ಮನೆಯೊಡತಿಯ ಲ್ಯಾಂಡ್‌ಲೈನ್ ನಂಬರ್ ಕೊಟ್ಟೆ. ಫೋನು ಬಂದಾಗ ಅವರಿಗೆ ಮಧ್ಯಾಹ್ನ, ನಮಗೆ ಸರಿಯಾಗಿ ದೀಪದ ಹೊತ್ತು. ಆಕೆ ಆಗಷ್ಟೇ ದೀಪ ಹಚ್ಚಿ, ನನ್ನೆದುರಿಗೇ ಕೂತು ಅವರೆಕಾಳು ಹಿಸುಕುತ್ತಿದ್ದರು.

ಆ ಕಡೆ ಒಬ್ಬ ಹೆಂಗಸು. "ವಯಸ್ಸಾದವರಿಗೆ ವಿಮೆ ಯಾಕೆ ದುಬಾರಿ ಅಂತ ಗಿರಾಕಿಗೆ ಹೇಗೆ ವಿವರಿಸುತ್ತೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬಾಯಿಪಾಠವಾಗಿದ್ದ ಉತ್ತರ ಶುರು ಮಾಡಿದೆ. 'ಡೆ' ಎನ್ನುವಷ್ಟರಲ್ಲಿ ಅವರೆಕಾಳು ಹಿಸುಕುವ ಕೈ ನಿಂತಿತು. ನಾನು ಮಾತು ನುಂಗಿಕೊಂಡೆ.

"ನಲವತ್ತು ವಯಸ್ಸಿನ ಸಾವಿರ ಜನರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಮುಂದಿನ ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸುತ್ತಾರೆ" ಎಂದೆ. "ವಯಸ್ಸು ಏರಿದಂತೆ ಕತ್ತರಿಸುವವರು ಕಡಿಮೆಯಾಗುತ್ತಾ ಹೋಗುತ್ತಾರೆ." ಆಮೇಲೆ ಅರ್ಧ ಗಂಟೆ ಬರೀ ಕೇಕಿನ ಮೇಲೆಯೇ ಕಳೆಯಿತು. ಕೊನೆಗೆ ಆ ಹೆಂಗಸು, "ಈ ವಿಷಯದಲ್ಲಿ ಬರಲೇಬೇಕಾದ ಒಂದು ಪದವನ್ನು ನೀವು ಒಂದು ಸಲವೂ ಬಳಸಲಿಲ್ಲವಲ್ಲ?" ಎಂದರು.

ಸಿಕ್ಕಿಬಿದ್ದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಮನೆಯಲ್ಲಿ ದೀಪ ಹಚ್ಚಿದ್ದಾರೆ, ಮನೆಯೊಡತಿ ಎದುರಿಗೇ ಇದ್ದಾರೆ. ಇದ್ದೊಂದು ಅವಕಾಶವೂ ಮಣ್ಣುಪಾಲಾಯಿತು ಎಂದುಕೊಂಡೆ. ಅಷ್ಟರಲ್ಲಿ ಫೋನಿನ ಆ ಕಡೆಯ ಹೆಂಗಸು ಜೋರಾಗಿ ನಕ್ಕರು. "ನಮ್ಮ ಗಿರಾಕಿಗಳಿಗೂ ಆ ಪದ ಕೇಳಲು ಇಷ್ಟವಿಲ್ಲ" ಎಂದರು. ವೀಸಾ ನೀವೇ ಕೊಡಿಸಬೇಕು ಎಂದು ನಾನೇ ನೆನಪಿಸಿದೆ. ಗೊತ್ತು, ಅರ್ಜಿಯಲ್ಲಿ ನೋಡಿದ್ದೇವೆ ಎಂದರು.

ಯುಗಾದಿಗೆ ಹತ್ತು ದಿನವಿರುವಾಗ ಪತ್ರ ಬಂತು. ಕೆಲಸವನ್ನೂ ಕೊಟ್ಟಿದ್ದರು, ವೀಸಾದ ಹೊಣೆಯೂ ಅವರದೇ. ಖುಷಿಗೆ ಮೆಟ್ಟಿಲನ್ನು ಎರಡೆರಡಾಗಿ ಇಳಿದೆ. ಮನೆಯೊಡತಿ ಪತ್ರವನ್ನು ದೇವರ ಮುಂದಿಟ್ಟು, "ನನ್ ಮಾತು ಕೇಳಿದ್ದಕ್ಕೇ ಸಿಕ್ಕಿದ್ದು" ಎಂದರು. ಇಲ್ಲ ಎನ್ನುವುದು ಹೇಗೆ?

ಹೊರಡುವ ಹಿಂದಿನ ಸಂಜೆ ದೀಪ ಹಚ್ಚಿ ಬಂದು, ಆಕೆ ನನ್ನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತರು.

"ನಂಗೆ ಅರವತ್ತೆಂಟು. ನೀನು ವಾಪಸ್ ಬರೋದ್ರೊಳಗೆ ನಾನಿರ್ತೀನಾ? ನಿನ್ ಪುಸ್ತಕದಲ್ಲಿ ನೋಡಿ ಹೇಳು."

"ಆ ವಯಸ್ಸಿನ ಸಾವಿರ ಮಂದ್ಯಾಗ ಭಾಳ ಮಂದಿ ಇರ್ತಾರ್ರಿ."

"ಸಾವಿರ ಜನದ್ದು ನಂಗ್ಯಾಕೆ? ನಂದ್ ಹೇಳು."

ನಾನು ಓದಿದ್ದರಲ್ಲಿ ಒಬ್ಬರ ಲೆಕ್ಕ ಎಲ್ಲೂ ಇರಲಿಲ್ಲ. "ನೀವ್ ಇರ್ತೀರಿ" ಎಂದೆ. ನಾನು ಕೊಟ್ಟ ಮೊದಲ ಅಂದಾಜು ಅದು, ಯಾವ ಆಧಾರವೂ ಇಲ್ಲದ್ದು.

ಮೂರು ವರ್ಷದ ಮೇಲೆ ರಜೆಗೆ ಬಂದಾಗ ಆಕೆ ಗೇಟಿನಲ್ಲೇ ನಿಂತಿದ್ದರು. "ಇದೀನಿ ನೋಡು" ಎಂದು ನಕ್ಕರು. ರಜೆ ಮುಗಿಸಿ ಮತ್ತೆ ಹೊರಟ ದಿನ ನನ್ನ ಬ್ಯಾಗಿನ ಹಿಡಿ ಬಿಡಲಿಲ್ಲ.

"ಇರ್ತೀರಿ ಅಂತ ಈ ಸಲಾನೂ ಹೇಳ್ಬಿಟ್ಟು ಹೋಗು."

ಹೇಳಿದೆ.