ನಯನ ಒಬ್ಬಳೇ ಹತ್ತಿದ ಹಿಮದ ಗುಡ್ಡ

ತುರುವೇಕೆರೆಯ ನಮ್ಮ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿರುವ ನಯನ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ಊರು ದಬ್ಬೇಘಟ್ಟದ ಹತ್ತಿರ. ತಂದೆ ಮಾಯಣ್ಣನವರಿಗೆ ಮೂರು ಎಕರೆ ತೆಂಗಿನ ತೋಟವಿದೆ. ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯವರು ಅವಳನ್ನು ಉತ್ತರಾಖಂಡಕ್ಕೆ ಕಳಿಸಿ ಹದಿನಾಲ್ಕು ದಿನ, ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀಯಿಂಗ್ ಕಲಿಸಿದ್ದರು. ಅಂದಿನಿಂದ ಅವಳಿಗೆ ಹಿಮದ ಹುಚ್ಚು. ವರ್ಷವೆಲ್ಲ ಉಳಿಸಿದ ರಜೆಯನ್ನು ಚಳಿಗಾಲದಲ್ಲಿ ಅಲ್ಲಿಗೆ ಹೋಗಿ ಮುಗಿಸುತ್ತಾಳೆ.

ತಾಯಿ ಹೊಂಬಾಳಮ್ಮನವರಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ. "ಜಾರಕ್ಕೆ ಅಷ್ಟು ದೂರ ಹೋಗ್ಬೇಕೇನೇ? ತ್ವಾಟಕ್ಕೆ ನೀರು ಬುಟ್ಟಾಗ ಬಾ, ಬೇಕಾದಷ್ಟು ಜಾರ್ಬೋದು" ಎಂದು ನನ್ನೆದುರೇ ಒಮ್ಮೆ ಅಂದಿದ್ದರು.

ಅವಳ ಜೊತೆ ಯಾವಾಗಲೂ ಹೋಗುತ್ತಿದ್ದವಳು ತಿಪಟೂರಿನ ಗೆಳತಿ ಧನ್ಯಶ್ರೀ. ಎರಡು ವರ್ಷದ ಹಿಂದೆ ಡಿಸೆಂಬರ್ ಮೊದಲ ವಾರಕ್ಕೆ ಇಬ್ಬರೂ ಟಿಕೆಟ್ ಮಾಡಿಸಿದ್ದರು. ಹೊರಡುವ ಹಿಂದಿನ ದಿನ ಧನ್ಯಶ್ರೀಗೆ ಟೈಫಾಯ್ಡ್ ಎಂದು ಗೊತ್ತಾಯಿತು. ನಯನ ಒಬ್ಬಳೇ ಹೊರಟಳು. ಮನೆಯಲ್ಲಿ ಮಾತ್ರ ಧನ್ಯಶ್ರೀಯೂ ಬರುತ್ತಿದ್ದಾಳೆ ಎಂದೇ ಹೇಳಿದಳು.

ಅವಳು ತಂಗಿದ್ದ ಬೆಟ್ಟದ ಹಳ್ಳಿಯ ಮನೆಯ ಯಜಮಾನರಿಗೆ ಎಪ್ಪತ್ತು ದಾಟಿತ್ತು. ಅಕ್ಟೋಬರಿನಲ್ಲಿ ಬಿದ್ದ ಹಿಮ ಕರಗಿಲ್ಲ, ಅದರ ಮೇಲೆ ಮೊನ್ನೆ ಹೊಸದು ಬಿದ್ದಿದೆ, ಎರಡೂ ಇನ್ನೂ ಕೂಡಿಕೊಂಡಿಲ್ಲ, ಮೇಲಿನದು ಜಾರೀತು, ನಾಲ್ಕು ದಿನ ತಡೆದು ಹೋಗು ಎಂದು ಅವರು ಹೇಳಿದರು. ಅವಳಿಗಿದ್ದದ್ದು ಮೂರೇ ದಿನ. ಮೇಲಿನ ಹುಲ್ಲುಗಾವಲಿನವರೆಗೆ ಮಾತ್ರ ಹೋಗಿಬರುತ್ತೇನೆ ಎಂದು ಬೆಳಗ್ಗೆ ಏಳಕ್ಕೆ ಹೊರಟಳು.

ಹತ್ತುವಾಗ ಸ್ಕೀಯ ತಳಕ್ಕೆ ರೋಮದ ಪಟ್ಟಿ ಅಂಟಿಸಿಕೊಳ್ಳುತ್ತಾರೆ. ಅದು ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರಗೊಡುವುದಿಲ್ಲ. ಹಾಗೆ ಹೆಜ್ಜೆ ಎಳೆಯುತ್ತ ಹತ್ತೂವರೆಗೆಲ್ಲ ಹುಲ್ಲುಗಾವಲು ಮುಟ್ಟಿದಳು. ಒಳ್ಳೆಯ ಬಿಸಿಲು. ಎದುರಿಗೆ ಗುಡ್ಡದ ನೆತ್ತಿ ಕೈಗೆಟುಕುವಷ್ಟು ಹತ್ತಿರ ಕಾಣುತ್ತಿತ್ತು. ಬಂಡೆಗಳ ಸಾಲಿನ ಮೇಲೆ ಹೋದರೆ ಎರಡು ಗಂಟೆಯ ದಾರಿ, ಬಿಳಿ ಇಳಿಜಾರನ್ನು ಅಡ್ಡ ದಾಟಿದರೆ ಹತ್ತೇ ನಿಮಿಷ. ಅವಳು ಇಳಿಜಾರನ್ನೇ ಹಿಡಿದಳು.

ಅರ್ಧ ದಾಟಿದ್ದಳೋ ಇಲ್ಲವೋ, ಕಾಲಡಿಯಲ್ಲಿ ಧುಮ್ ಎಂದಿತು. ದೊಡ್ಡ ಸದ್ದಲ್ಲ. ಭಾರದ ಮೂಟೆಯೊಂದು ನೆಲದೊಳಗೆ ಎಲ್ಲೋ ಬಿದ್ದ ಹಾಗೆ. ಅವಳು ನಿಂತಿದ್ದ ಹಿಮವೆಲ್ಲ ಒಂದು ಬೆರಳಿನಷ್ಟು ಕೆಳಕ್ಕೆ ಕೂತಿತು. ಅವಳ ಎಡ ಸ್ಕೀಯ ತುದಿಯಿಂದ ಕೂದಲೆಳೆಯಂಥ ಒಂದು ಬಿರುಕು ಹೊರಟು, ಅವಳು ನೋಡುತ್ತಿದ್ದಂತೆಯೇ ಇಳಿಜಾರಿನ ಆ ಬದಿಯವರೆಗೂ ಓಡಿತು.

ಆಮೇಲೆ ಏನೂ ಆಗಲಿಲ್ಲ. ಅದೇ ಅವಳಿಗೆ ತಡೆಯಲಾಗದ್ದು. ಸ್ಕೀ ಅಲುಗಿದರೆ ಹಿಮ ಜಾರೀತು ಎಂದು ಎರಡೂ ಕೈಯ ಸ್ಕೀ ಕೋಲುಗಳನ್ನು ಬಿಗಿಯಾಗಿ ಹಿಡಿದು ನಿಂತಳು. ಉಸಿರು ಜೋರಾಗಿ ಬಿಡಲೂ ಹೆದರಿಕೆ. ಫೋನಿಗೆ ಸಿಗ್ನಲ್ ಇರಲಿಲ್ಲ. ಇಲ್ಲಿ ಹೂತುಹೋದರೆ ಅಗೆದು ತೆಗೆಯುವವರು ಯಾರೂ ಇಲ್ಲ, ಅಲ್ಲಿ ಅವ್ವ ಧನ್ಯಶ್ರೀ ಜೊತೆಗಿದ್ದಾಳೆ ಎಂದುಕೊಂಡು ದನಕ್ಕೆ ಹುಲ್ಲು ಹಾಕುತ್ತಿರುತ್ತಾಳೆ ಎಂಬುದು ಹೊಳೆದಾಗ, ಸಾವಿಗಿಂತ ಆ ಸುಳ್ಳಿಗೇ ಹೆಚ್ಚು ಭಯವಾಯಿತಂತೆ.

ಎಷ್ಟು ಹೊತ್ತು ನಿಂತಳೋ ಗೊತ್ತಿಲ್ಲ. ಮುಂದೆ ಹೋಗುವ ಹಾಗಿರಲಿಲ್ಲ. ಹಿಂದಿರುಗಬೇಕೆಂದರೆ ನಿಂತಲ್ಲೇ ಒಂದೊಂದೇ ಕಾಲೆತ್ತಿ, ಅಷ್ಟುದ್ದದ ಸ್ಕೀಯನ್ನು ತಿರುಗಿಸಿ ಇಡಬೇಕು. ಒಂದು ಕಾಲು ಎತ್ತಿದ ಗಳಿಗೆಯಲ್ಲಿ ಮೈಭಾರವೆಲ್ಲ ಇನ್ನೊಂದರ ಮೇಲೆ. ಮೊದಲನೆಯದನ್ನು ಇಟ್ಟಾಗ ಕಣ್ಣು ಮುಚ್ಚಿಕೊಂಡಿದ್ದಳು. ಎರಡನೆಯದು ಕೋಲಿಗೆ ತಗುಲಿದಾಗ ವಾಲಿದಳು, ಬೀಳಲಿಲ್ಲ. ಬಂದ ಜಾಡಿನಲ್ಲೇ ಹೆಜ್ಜೆ ಎಣಿಸುತ್ತ ವಾಪಸ್ ನಡೆದಳು. ನಲವತ್ತರವರೆಗೆ ಎಣಿಸಿದ್ದು ನೆನಪಿದೆ, ಆಮೇಲೆ ಲೆಕ್ಕ ತಪ್ಪಿತು. ಬಂಡೆ ಸಿಕ್ಕಿದ್ದೇ ತಬ್ಬಿಕೊಂಡು ಕೂತಳು.

ಹಿಂದೆ ಬಟ್ಟೆ ಹರಿದಂಥ ಸದ್ದಾಯಿತು. ತಿರುಗಿ ನೋಡಿದರೆ ಇಡೀ ಇಳಿಜಾರು ಚಪ್ಪಡಿ ಚಪ್ಪಡಿಯಾಗಿ ಒಡೆದು ಕೆಳಕ್ಕೆ ಹೋಗುತ್ತಿತ್ತು. ಹಿಮದ ಧೂಳು ಅಡಗಿದ ಮೇಲೆ ನೋಡಿದಳು. ಅವಳ ಜಾಡು ಬಂಡೆಯಿಂದ ಮೂರು ಮಾರು ಹೋಗಿ ನಿಂತಿತ್ತು. ಅಲ್ಲಿಂದಾಚೆಗೆ ಬರೀ ಒಣಹುಲ್ಲು.

ಮತ್ತೆ ಹಿಮದ ಮೇಲೆ ಕಾಲಿಡಲು ಆಗಲಿಲ್ಲ. ಸ್ಕೀಗಳನ್ನು ಬೆನ್ನಿಗೆ ಕಟ್ಟಿಕೊಂಡು ಕಲ್ಲಿನಿಂದ ಕಲ್ಲಿಗೆ ಕೂತು, ತೆವಳಿ ಇಳಿದಳು. ಮೂರು ಗಂಟೆಗೆ ಹುಲ್ಲುಗಾವಲಿನ ಕೆಳಗೆ ಮನೆಯ ಯಜಮಾನರು ಎದುರಾದರು. ಸದ್ದು ಕೇಳಿ ಸಲಿಕೆ ಹಿಡಿದು ಹತ್ತಿ ಬಂದಿದ್ದರು. ಬೈಯಲಿಲ್ಲ. ಅವಳ ಬೆನ್ನಿನ ಗಂಟು ತಾವೇ ಬಿಚ್ಚಿ, ಸ್ಕೀಗಳನ್ನು ಹೆಗಲಿಗೇರಿಸಿಕೊಂಡು ಮುಂದೆ ನಡೆದರು.

ಊರಿಗೆ ಬಂದ ಮೇಲೆ ಅವಳು ಯಾರಿಗೂ ಹೇಳಲಿಲ್ಲ. ಶಾಲೆಯಲ್ಲಿ ಎಂದಿನಂತೆ ವಿಸಿಲ್ ಊದಿ ಮಕ್ಕಳನ್ನು ಓಡಿಸುತ್ತಿದ್ದಳು. ಫೆಬ್ರವರಿಯಲ್ಲಿ ಒಂದು ಭಾನುವಾರ ಮನೆಯಲ್ಲಿ ಅಟ್ಟದಿಂದ ಕೊಬ್ಬರಿ ಕಾಯಿ ಇಳಿಸುತ್ತಿದ್ದರು. ಮೇಲಿನ ರಾಶಿ ಒಮ್ಮೆಲೇ ಕುಸಿದು ಧುಮ್ ಎಂದಿತು. ಕೆಳಗೆ ಬುಟ್ಟಿ ಹಿಡಿದಿದ್ದ ನಯನ ಬುಟ್ಟಿ ಬಿಟ್ಟು ಕಂಬ ಹಿಡಿದವಳು ಅಲ್ಲಾಡಲೇ ಇಲ್ಲ. ಏಣಿಯ ಮೇಲಿದ್ದ ಮಾಯಣ್ಣನವರು ಇಳಿದು ಬಂದು ಅವಳ ಬೆರಳು ಬಿಡಿಸಬೇಕಾಯಿತು.

ಅವತ್ತು ಸಂಜೆ ತೋಟದಲ್ಲಿ ತಂದೆಗೆ ಎಲ್ಲ ಹೇಳಿದಳು, ಧನ್ಯಶ್ರೀ ಬಂದಿರಲಿಲ್ಲ ಎಂಬುದನ್ನೂ. ಅವರು ಬಹಳ ಹೊತ್ತು ಬಿದ್ದ ಗರಿಗಳನ್ನು ಒಂದೆಡೆ ಎಳೆದು ಹಾಕುತ್ತಲೇ ಇದ್ದರು.

"ನಿಮ್ಮವ್ವಂಗೆ ಹೇಳ್ಬ್ಯಾಡ" ಎಂದರು ಕೊನೆಗೆ. "ಆದ್ರೆ ನಂಗೆ ಹೇಳ್ದೆ ಇನ್ನೊಂದ್ಸಲ ಹೋಗ್ಬ್ಯಾಡ ಕಣವ್ವ."

ಕಳೆದ ಡಿಸೆಂಬರಿನಲ್ಲಿ ಅವಳು ಧನ್ಯಶ್ರೀ ಜೊತೆ ಮತ್ತೆ ಹೋದಳು. ಹುಲ್ಲುಗಾವಲಿನ ಅಂಚಿಗೆ ಬಂದಾಗ ಅವಳಿಗೆ ಮುಂದೆ ಹೆಜ್ಜೆ ಇಡಲಾಗದೆ, ಇಬ್ಬರೂ ಅಲ್ಲಿಂದಲೇ ಹಿಂದಿರುಗಿದರು. ಅದನ್ನು ನನಗೆ ಹೇಳುವಾಗ ಅವಳಿಗೆ ನಾಚಿಕೆಯೇನೂ ಇರಲಿಲ್ಲ. ಆ ದಿನ ಬೆಳಗ್ಗೆ ಹೊರಡುವ ಮುಂಚೆಯೇ ಮಾಯಣ್ಣನವರ ಫೋನ್ ಬಂದಿತ್ತಂತೆ. ಊಟ, ಚಳಿ ಯಾವುದನ್ನೂ ಅವರು ವಿಚಾರಿಸಲಿಲ್ಲ.

"ಪಕ್ಕದಲ್ಲಿ ಯಾರವ್ರೆ? ಅವ್ರ ಕೈಗೆ ಕೊಡು ಫೋನು" ಎಂದರಂತೆ.