ಐದು ಸಾವಿರದ ನಲವತ್ತು

ಲೆಕ್ಕದ ಟೀಚರಿಗೆ ಒಂದು ಸಂಖ್ಯೆಯ ಮೇಲೆ ವಿಶೇಷ ಪ್ರೀತಿ ಇರಬಾರದು. ನನಗೆ ಐದು ಸಾವಿರದ ನಲವತ್ತರ ಮೇಲಿತ್ತು. ಒಂದರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದರೂ ಅದರಲ್ಲಿ ಶೇಷ ಉಳಿಯುವುದಿಲ್ಲ. ಇದರಷ್ಟು ಸಾಧು ನಿಮ್ಮ ತರಗತಿಯಲ್ಲಿ ಒಬ್ಬರೂ ಇಲ್ಲ ಎಂದು ಮಹಾಲಿಂಗಪುರದ ಶಾಲೆಯಲ್ಲಿ ಮಕ್ಕಳನ್ನು ಛೇಡಿಸುತ್ತಿದ್ದೆ.

ಅದು ಬನಹಟ್ಟಿಯ ನಮ್ಮ ಮನೆಗೆ ಬಂದದ್ದು ಅಪ್ಪನಿಂದ. ಓಣಿಯೆಲ್ಲ ಪವರ್‌ಲೂಮ್ ಆದರೂ ಅಪ್ಪ ಕೈಮಗ್ಗ ಬಿಚ್ಚಿರಲಿಲ್ಲ. ಜೀವಮಾನವಿಡೀ ಬೇರೆಯವರು ಹೇಳಿದ ಬಣ್ಣ ನೇಯ್ದವನು, ವಯಸ್ಸಾಗಿ ಕೆಲಸ ಬಿಟ್ಟ ಮೇಲೆ ಏಳು ಲಾಳಿಗಳಿಗೆ ಏಳು ಬಣ್ಣದ ನೂಲು ಹಾಕಿಕೊಂಡು ಕೂತ. ಗೇಣುದ್ದದ ತುಂಡು, ಏಳು ಪಟ್ಟಿ, ಪ್ರತಿ ತುಂಡಿಗೂ ಬಣ್ಣಗಳ ಸರದಿ ಬೇರೆ.

“ಎಲ್ಲಾ ಥರಾ ಒಮ್ಮೆರ ನೋಡಬೇಕು. ಎಷ್ಟ ಆಗ್ತಾವ, ಯವ್ವಾ?” ಎಂದು ನನ್ನನ್ನು ಕೇಳಿದ.

“ಏಳ, ಆರ, ಐದ ಅಂತ ಒಂದರ ತನಕಾ ಗುಣಿಸಿದ್ರ ಐದ ಸಾವಿರದ ನಲವತ್ತ. ದಿನಕ್ಕ ಒಂದಂದ್ರ ಹದಿನಾಕ ವರ್ಷ, ಯಪ್ಪಾ.”

ಅಪ್ಪ ನಕ್ಕು, ಒಂದು ತುಂಡನ್ನು ತಲೆಕೆಳಗೆ ಮಾಡಿ ಹಿಡಿದ. “ಹಿಂಗ ಹಿಡದ್ರ ಸರದಿ ಉಲ್ಟಾ ಆತು. ಅರಿವಿ ಅದ ಐತಿ. ಅರ್ಧಾ ಬಿಡ್ರಿ, ಅಕ್ಕಾರ” ಎಂದು ನನ್ನ ಶಾಲೆಯ ಮಕ್ಕಳು ಟೀಚರನ್ನು ಕರೆಯುವ ಹಾಗೆ ಕರೆದ. ಎರಡು ದಿನದ ಮೇಲೆ ಅಪ್ಪನಿಗೇ ಇನ್ನೊಂದು ಹೊಳೆಯಿತು. ಇದನ್ನೇ ಸೀರೆ ಮಾಡಿದರೆ, ಅದರುದ್ದಕ್ಕೂ ಅವೇ ಏಳು ಪಟ್ಟಿ ಮತ್ತೆ ಮತ್ತೆ ಬರುವಾಗ ಯಾವ ಬಣ್ಣದಿಂದ ಶುರು ಮಾಡಿದರೇನು? ಹಾಗಾದರೆ ಏಳರಿಂದಲೂ ಭಾಗಿಸಬೇಕು. ಮುನ್ನೂರ ಅರವತ್ತು ಉಳಿಯಿತು. ಏಳನೆಯ ತರಗತಿಗೇ ಶಾಲೆ ಬಿಟ್ಟವನು ನನಗೆ ಪಾಠ ಮಾಡಿದ್ದ. ಹೆಮ್ಮೆಯಿಂದ ನನಗೆ ಅಳು ಬಂತು.

ಅದೇ ವಾರ ಜಮಖಂಡಿಯ ಡಾಕ್ಟರು ಅಪ್ಪನನ್ನು ಪರೀಕ್ಷಿಸಿ, ಹೊರಗೆ ಕೂರಿಸಿ ನನಗೆ ಹೇಳಿದರು: “ಆರ ತಿಂಗಳಂತ ತಿಳಕೋರಿ.”

ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ. ಮುನ್ನೂರ ಅರವತ್ತು ದಿನದ ಕೆಲಸ ಅರ್ಧಕ್ಕೇ ನಿಲ್ಲಬಾರದು ಎನಿಸಿತು. ಬಟ್ಟೆಯ ಹಿಂಬದಿಯನ್ನೂ ಲೆಕ್ಕ ಹಿಡಿದರೆ ಇನ್ನೊಮ್ಮೆ ಎರಡರಿಂದ ಭಾಗಿಸಬಹುದು ಎಂದು ಸುಳ್ಳು ಹೇಳಿದೆ. ಸಂಖ್ಯೆಯೂ ತಕರಾರಿಲ್ಲದೆ ಭಾಗವಾಯಿತು. ನೂರ ಎಂಬತ್ತು ಸರದಿಗಳನ್ನು ನಾನೇ ವಹಿಯಲ್ಲಿ ಬರೆದುಕೊಟ್ಟೆ. ಉಳಿದ ನೂರ ಎಂಬತ್ತನ್ನು ಬರೆಯಲೇ ಇಲ್ಲ. ಕಲಿತ ಮಗಳ ಮಾತೆಂದು ಅಪ್ಪ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ದಿನಕ್ಕೊಂದರಂತೆ ನೇಯ್ದ. ಕೊನೆಯದು ಮುಗಿದ ದಿನ ಓಣಿಯವರನ್ನೆಲ್ಲ ಕರೆದು, “ಇನ್ನ ಒಂದೂ ಬಾಕಿ ಇಲ್ಲ” ಎಂದು ತೋರಿಸಿದ. ನಾನು ಎಲ್ಲರಿಗೂ ಚಹಾ ಕೊಟ್ಟೆ.

ಇದಾಗಿ ನಾಲ್ಕು ತಿಂಗಳು. ಡಾಕ್ಟರ ಲೆಕ್ಕವೂ ತಪ್ಪಿತು. ಅಪ್ಪ ಇದ್ದಾನೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಮಗ್ಗದ ಮುಂದೆ ಕೂರುತ್ತಾನೆ, ಕೈ ತೊಡೆಯ ಮೇಲೆ. ಇನ್ನೂ ನೂರ ಎಂಬತ್ತಿವೆ ಎಂದು ಈಗ ಹೇಳಿಬಿಟ್ಟರೆ, ಆಗ ಯಾಕೆ ಅರ್ಧಕ್ಕೆ ನಿಲ್ಲಿಸಿದೆ ಎಂದು ಕೇಳಿಯೇ ಕೇಳುತ್ತಾನೆ. ದಿನ ಎಣಿಸುತ್ತಾನೆ. ಡಾಕ್ಟರು ಹೇಳಿದ್ದ ಆರು ತಿಂಗಳೂ ತಿಳಿದುಬಿಡುತ್ತದೆ. ನನ್ನ ಲೆಕ್ಕವೇ ತಪ್ಪಿತ್ತು ಎಂದು ನಟಿಸೋಣವೆಂದರೆ, ಈ ಸಲ ನನ್ನ ಮುಖ ನೋಡಿಯೇ ಸುಳ್ಳು ಹಿಡಿಯುತ್ತಾನೆ.

ನಿನ್ನೆ ಶಾಲೆಗೆ ಹೊರಟಾಗ ಕೇಳಿದ: “ದಿನಾ ಉಳದಾವು, ಕೆಲಸ ಉಳದಿಲ್ಲ. ಏನ ಮಾಡ್ಲಿ, ಯವ್ವಾ?”

“ಬಿಸಲಾಗ ಅಡ್ಡಾಡಬ್ಯಾಡ” ಎಂದು ಹೇಳಿ ಬಸ್ಸಿಗೆ ಓಡಿದೆ.