ಪರದೆಯ ಮೇಲೆ ಅಕ್ಕನ ಉಸಿರು

ದೆವ್ವ, ಭೂತ, ಶಕುನ ಇವನ್ನೆಲ್ಲ ನಾನು ನಂಬಿದವನಲ್ಲ. ಕುಮಟಾದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವನು. ಮಕ್ಕಳ ಕೊರಳಲ್ಲಿ ತಾಯಿತ ಕಂಡರೆ ಕಾರಣ ಕೇಳಿ ಗೋಳುಹೊಯ್ದುಕೊಳ್ಳುತ್ತಿದ್ದೆ. ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ "ಆ ದಿನ ಎಂತ ಕುಡಿದಿದ್ದೆ ಮಾರಾಯಾ" ಎಂದು ನಗುತ್ತಿದ್ದೆ. ನೀವೂ ನಕ್ಕರೆ ಬೇಸರವಿಲ್ಲ. ಆದರೆ ಇದನ್ನು ನೆನೆದಾಗ ನನಗೆ ಹೆದರಿಕೆಗಿಂತ ಮೊದಲು ಬರುವುದು ಸಿಟ್ಟು.

ನನ್ನ ಅಕ್ಕನನ್ನು ಹೊನ್ನಾವರದ ಕಾಸರಕೋಡಿಗೆ ಕೊಟ್ಟಿದ್ದು. ಶರಾವತಿ ಸಮುದ್ರ ಸೇರುವಲ್ಲಿ ನೀರಿಳಿದಾಗ ಬಳಚು ಎಂಬ ಚಿಪ್ಪುಮೀನು ಹೆಕ್ಕುವುದು ಅವಳ ಕೆಲಸ. ದಡದ ಹತ್ತಿರದ ಚಿಪ್ಪನ್ನೆಲ್ಲ ಬೇರೆಯವರು ಬಾಚಿಕೊಂಡರೆ ಇವಳು ಎದೆಮಟ್ಟದ ನೀರಿಗೆ ಹೋಗಿ, ಮುಳುಗಿ, ತಳದ ಮರಳಿನಿಂದ ತರುವವಳು. ಹಾಗಾಗಿ ಉಸಿರು ಹಿಡಿಯುವುದು ಅವಳಿಗೆ ಚಟವೇ ಆಗಿಬಿಟ್ಟಿತ್ತು. ಹೆದರಿಕೆಯಾದರೂ ಹಿಡಿಯುತ್ತಿದ್ದಳು. ಬಸ್ಸು ಸೇತುವೆ ಹತ್ತಿದರೆ ಆಚೆ ದಡ ಮುಟ್ಟುವ ತನಕ ಅಕ್ಕನ ಮೂಗಿನಲ್ಲಿ ಗಾಳಿ ಆಡುವುದಿಲ್ಲ ಎಂದು ನಾವೆಲ್ಲ ತಮಾಷೆ ಮಾಡುತ್ತಿದ್ದೆವು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಅಕ್ಕನಿಗೆ ದಿಬ್ಬ ಹತ್ತಿದರೆ ಏದುಸಿರು ಬರತೊಡಗಿತು. ಹೊನ್ನಾವರದಲ್ಲಿ ಉಚಿತ ಹೃದಯ ತಪಾಸಣೆಯ ಶಿಬಿರವೊಂದು ನಡೆದಾಗ ಹೋದಳು. ಅಲ್ಲಿಂದ ಕೆಲವರನ್ನು ಆರಿಸಿ, ವ್ಯಾನಿನಲ್ಲಿ ದೊಡ್ಡ ಊರಿನ ಆಸ್ಪತ್ರೆಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದರು. ಯಂತ್ರದೊಳಗೆ ಮಲಗಿಸಿ ಉಸಿರು ಹಿಡಿಯಲು ಹೇಳಿದರಂತೆ. ಅಕ್ಕ ಬಳಚಿಗೆ ಮುಳುಗುವ ಹಾಗೆಯೇ ಹಿಡಿದಳು. ಕೊನೆಗೆ ಅವರೇ ಗಾಬರಿಯಾಗಿ ಓಡಿಬಂದು ಅಲುಗಾಡಿಸಿದರಂತೆ. ಮನೆಗೆ ಬಂದು ಇದನ್ನೇ ಹೇಳಿ ಹೇಳಿ ನಮ್ಮನ್ನು ನಗಿಸಿದಳು.

"ಎಂತಾದ್ರೂ ಇದ್ರೆ ಹೇಳಿ ಕಳಿಸ್ತ್ರಂತೆ" ಎಂದಳು. ತಿಂಗಳುಗಳು ಕಳೆದವು, ಯಾರೂ ಹೇಳಿ ಕಳಿಸಲಿಲ್ಲ. ಸಮುದ್ರಕ್ಕೆ ಹೋದವರ ಸುದ್ದಿ ಬರಲಿಲ್ಲವೆಂದರೆ ಮೀನು ಚೆನ್ನಾಗಿ ಸಿಕ್ಕಿದೆ ಎಂದುಕೊಳ್ಳುವ ಜನ ನಾವು. ಹಾಗಾದರೆ ಎಂತದೂ ಇಲ್ಲ ಎಂದು ತೀರ್ಮಾನಿಸಿದೆವು. ಅಕ್ಕ ಮತ್ತೆ ನೀರಿಗಿಳಿದಳು.

ಆ ವರ್ಷ ಮಳೆಗಾಲ ಕಳೆದ ಮೇಲೆ ಭಟ್ಕಳದ ಒಂದು ಕಾಲೇಜಿನಲ್ಲಿ ವಿಜ್ಞಾನ ಶಿಕ್ಷಕರಿಗೆಂದು ಉಪನ್ಯಾಸವಿತ್ತು. ಗಲ್ಫ್ ಸಾಮಾನಿನ ಅಂಗಡಿಯಲ್ಲಿ ಕಂಬಳಿ ಕೊಳ್ಳಬೇಕೆಂದು ಅಕ್ಕನೂ ಜೊತೆಗೆ ಬಂದಿದ್ದಳು. ಮಧ್ಯಾಹ್ನದ ಬಿಸಿಲು ತಾಳದೆ, ಫ್ಯಾನಿನ ಗಾಳಿಯಾದರೂ ಸಿಗಲಿ ಎಂದು ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಳು.

ಹೊರಗಿನಿಂದ ಬಂದಿದ್ದ ಸಂಶೋಧಕರೊಬ್ಬರು ಪರದೆಯ ಮೇಲೆ ಒಂದು ಹೃದಯವನ್ನು ತೋರಿಸಿದರು. ರೋಗಿಯ ಸ್ಕ್ಯಾನ್ ಚಿತ್ರಗಳನ್ನು ಪದರ ಪದರವಾಗಿ ಜೋಡಿಸಿ ಆಕಾರ ಕಟ್ಟಿ, ಅದರೊಳಗೆ ರಕ್ತ ಹೇಗೆ ಹರಿಯುತ್ತದೆಂದು ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿ ಮಾಡಿದ ಚಲಿಸುವ ಚಿತ್ರ. ಬಡಿತದ ವೇಗ ತಾವೇ ನಿಗದಿ ಮಾಡಿದ್ದು, ಲೆಕ್ಕವೆಲ್ಲ ಹಿಂದೆಯೇ ಮುಗಿದದ್ದು, ಈಗ ಸಿನಿಮಾದ ಹಾಗೆ ಬರೀ ಓಡಿಸುತ್ತಿರುವುದು ಎಂದೂ ವಿವರಿಸಿದರು. ಕೆಂಪು, ನೀಲಿ ಎಳೆಗಳು ಕೋಣೆಯಿಂದ ಕೋಣೆಗೆ ನುಗ್ಗಿ ಸುಳಿ ಸುತ್ತುತ್ತಿದ್ದವು. ನನಗೂ ಬಹಳ ಚೆಂದ ಕಂಡಿತು.

ಅಷ್ಟರಲ್ಲಿ ಅಕ್ಕ ನನ್ನ ತೋಳು ಹಿಡಿದಳು. "ತಮಾ, ಅದು ನಂದು."

"ಎಂತದು?"

"ಆ ಹೃದಯ. ನಂದೇ ಅದು."

ಸುಮ್ಮನಿರು ಎಂದು ಸನ್ನೆ ಮಾಡಿದೆ. ಅವಳು ಹೆದರಿದ್ದಳು, ಎಂದಿನಂತೆ ಉಸಿರು ಹಿಡಿದಳು. ಪರದೆಯ ಮೇಲಿನ ಹೃದಯ ನಿಧಾನವಾಯಿತು. ನಿಲ್ಲಲಿಲ್ಲ, ಆದರೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಹೆಚ್ಚುತ್ತಾ ಹೋಯಿತು. ಸಂಶೋಧಕರು ಏನೇನೋ ಒತ್ತಿ ನೋಡಿ, "ಕಂಪ್ಯೂಟರ್ ಯಾಕೋ ಕೈಕೊಡುತ್ತಿದೆ" ಎಂದರು. ಅಕ್ಕ ಉಸಿರು ಬಿಟ್ಟಳು. ಹೃದಯ ಮೊದಲಿನಂತೆ ಬಡಿಯಿತು.

ಅವರು ಮುಂದುವರಿಸಿದರು. ಮೇಲಿನ ಕೋಣೆಯ ಒಂದು ಮೂಲೆ ತೋರಿಸಿ, "ನೋಡಿ, ರಕ್ತ ಇಲ್ಲಿ ನಿಂತು ಹೆಪ್ಪುಗಟ್ಟುತ್ತದೆ. ಈ ರೋಗಿಗೆ ಯಾವಾಗ ಬೇಕಾದರೂ ಲಕ್ವ ಹೊಡೆಯಬಹುದು" ಎಂದರು, ಕ್ರಿಕೆಟ್ ಸ್ಕೋರು ಹೇಳಿದ ಹಾಗೆ. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಅಕ್ಕ ಮತ್ತೆ ಉಸಿರು ಹಿಡಿದಳು, ಹೃದಯ ಮತ್ತೆ ನಿಧಾನವಾಯಿತು.

"ಅಕ್ಕಾ, ಉಸಿರು ಬಿಡು" ಎಂದು ಅವಳ ಬೆನ್ನು ತಟ್ಟಿದೆ. ಬಿಟ್ಟಳು. ಅದು ಓಡಿತು.  ನನಗೆ ಮೈ ಉರಿಯಿತು. ಎದ್ದು ನಿಂತೆ.

"ಇದನ್ನು ಆ ರೋಗಿಗೆ ಹೇಳಿದ್ದೀರಾ?"

"ರೋಗಿ ಯಾರೆಂದು ನಮಗೆ ಗೊತ್ತಿರುವುದಿಲ್ಲ. ಹೊನ್ನಾವರದ ಶಿಬಿರದಿಂದ ಬಂದವರ ಚಿತ್ರಗಳಿವು, ಆಸ್ಪತ್ರೆಯವರು ಹೆಸರು ತೆಗೆದೇ ಕೊಡುತ್ತಾರೆ. ಅವರ ಗುಟ್ಟು ಕಾಪಾಡಬೇಕಲ್ಲ."

"ಗುಟ್ಟು ಕಾಪಾಡಿದಿರಿ, ಪ್ರಾಣ ಕಾಪಾಡುವುದು ಬೇಡವೇ? ಹೆಸರು ಅಳಿಸಿದರೆ ಹೃದಯ ಯಾರದ್ದೂ ಅಲ್ಲವೇ?" ಎಂದು ಕೂಗಿದೆ. ಅಕ್ಕಪಕ್ಕದವರು ನನ್ನನ್ನು ಎಳೆದು ಕೂರಿಸಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕಂಬಳಿಯೂ ಬೇಡ, ಏನೂ ಬೇಡವೆಂದು ಅಕ್ಕನನ್ನು ಹೊರಡಿಸಿಕೊಂಡು ಬಂದೆ.

ಮರುದಿನವೇ ಕುಮಟಾದ ಡಾಕ್ಟರಲ್ಲಿಗೆ, ಅವರ ಮಾತಿನಂತೆ ಇನ್ನೊಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ಕವಾಟ ಕಿರಿದಾಗಿತ್ತು. ಅದೇ ಕೋಣೆಯ ಅದೇ ಮೂಲೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಶಸ್ತ್ರಚಿಕಿತ್ಸೆಯಾಯಿತು, ಅಕ್ಕ ಉಳಿದಳು. ಈಗ ಅವಳು ಮುಳುಗುವುದಿಲ್ಲ; ದಡದಲ್ಲಿ ಕೂತು ಬೇಯಿಸಿದ ಬಳಚು ಬಿಡಿಸುತ್ತಾಳೆ.

ನಾನು ಜಗಳಕ್ಕೆ ಹೋದೆ. ಶಿಬಿರದವರು ಮೊದಲು ಸ್ಕ್ಯಾನ್ ಮಾಡಿದ ಆಸ್ಪತ್ರೆಯವರತ್ತ ಬೆರಳು ತೋರಿಸಿದರು, ಆಸ್ಪತ್ರೆಯವರು ಸಂಶೋಧಕರತ್ತ. ಅಳಿಯ ಅಲ್ಲ, ಮಗಳ ಗಂಡ. ಸಂಶೋಧಕರೊಬ್ಬರೇ ಒಂದಿಷ್ಟು ಸೌಜನ್ಯದಿಂದ ಮಾತಾಡಿದವರು. ನನ್ನೆದುರು ಆ ಚಿತ್ರವನ್ನು ಮತ್ತೆ ಮತ್ತೆ ಓಡಿಸಿದರು. ಒಮ್ಮೆಯೂ ಅದು ನಿಧಾನವಾಗಲಿಲ್ಲ. "ನಿಮ್ಮ ಅಕ್ಕನನ್ನೂ ಕರೆತನ್ನಿ, ಪರೀಕ್ಷಿಸೋಣ" ಎಂದರು. ಅಕ್ಕ ಒಪ್ಪಲಿಲ್ಲ. "ನಾ ಬರೂದಿಲ್ಲ ತಮಾ. ನಾ ಉಸಿರು ಹಿಡಿದು ಅದ್ಕೆ ಎಂತಾದ್ರೂ ಆದ್ರೆ?"

ಕಡೆಗೆ ಆಸ್ಪತ್ರೆಯವರು ನನ್ನ ಬಾಯಿ ಮುಚ್ಚಿಸಲು ಒಂದು ಮಾತು ಹೇಳಿದರು. ಆ ಹೃದಯ ನಿಮ್ಮ ಅಕ್ಕನದೇ ಎನ್ನಲು ಆಧಾರವಿಲ್ಲ, ವ್ಯಾನಿನಲ್ಲಿ ಬಂದವರು ಅವರೊಬ್ಬರೇ ಅಲ್ಲ ಎಂದು.

ಆಯಿತು, ಅಕ್ಕನದಲ್ಲವೆಂದೇ ಇಟ್ಟುಕೊಳ್ಳೋಣ. ಹಾಗಾದರೆ ಅವಳು ಉಸಿರು ಹಿಡಿದಾಗ ಅದೇಕೆ ನಿಧಾನವಾಯಿತು? ನನಗೆ ಇವತ್ತಿಗೂ ಗೊತ್ತಿಲ್ಲ. ವಿಜ್ಞಾನ ಕಲಿಸಿದವನಾಗಿ ಹೇಳಲು ನಾಚಿಕೆಯಾದರೂ ಗೊತ್ತಿಲ್ಲ. ಆದರೆ ಆ ವ್ಯಾನಿನಲ್ಲಿ ಮಾವಳ್ಳಿಯವರಿದ್ದರು, ಭಟ್ಕಳದವರಿದ್ದರು. ಅವರಲ್ಲಿ ಯಾರದ್ದೋ ಹೃದಯ ಅದು. ಅವರ ಮನೆಯವರೂ ನಮ್ಮ ಹಾಗೆಯೇ ಸುದ್ದಿ ಬರಲಿಲ್ಲವೆಂದು ನೆಮ್ಮದಿಯಿಂದ ಕೂತಿದ್ದಿರಬೇಕು. ಅವರಿಗೆ ಯಾರು ಹೇಳಿದರು?